ಮುಳ್ಳು ಸೊನ್ನೆಗೆ ನಿಂತಾಗ

ಸ್ವಂತ ಕೈಯಿಂದ ವಿಮಾನ ಕಟ್ಟಿದವನಿಗೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಏನೂ ಆಗದ ದಿನ ವಿಮಾನ ಶೆಡ್ಡಿನಲ್ಲೇ ಇತ್ತು ಎಂದು ತಿಳಿಯಬೇಕು. ನನ್ನದು ತಾರಿಹಾಳದಲ್ಲಿ ಲೇತ್ ವರ್ಕ್‌ಶಾಪ್. ಅದರ ಹಿಂದಿನ ಶೆಡ್ಡಿನಲ್ಲಿ ಆರು ವರ್ಷ ಕೊರೆದು, ತಿಕ್ಕಿ, ಎರಡು ಸೀಟಿನ ಪುಟ್ಟ ವಿಮಾನ ಮಾಡಿದೆ. ಹಾರಿಸಲು ಕಲಿಸಿದವರು ಮಾಳಮಡ್ಡಿಯ ಸರ್, ವಾಯುಪಡೆಯಿಂದ ನಿವೃತ್ತರಾದವರು. ಏರಿಸುವುದು ನನಗೆ ಬೇಗ ಬಂತು. ಇಳಿಸುವುದು ಬರಲೇ ಇಲ್ಲ.

೧. ಲಗ್ನಪತ್ರಿಕೆ

ಇಳಿಯುವಾಗ ನನ್ನ ಕಣ್ಣು ಸ್ಪೀಡ್ ಮೀಟರಿನ ಮುಳ್ಳಿಗೇ ಅಂಟಿಕೊಳ್ಳುತ್ತಿತ್ತು. ವೇಗ ತೀರಾ ಕಡಿಮೆಯಾದರೆ ವಿಮಾನ ಕಲ್ಲಿನಂತೆ ಬೀಳುತ್ತದೆ, ಆ ಭಯ. ಒಂದು ದಿನ ಸರ್ ಯಾರದೋ ಲಗ್ನಪತ್ರಿಕೆ ಹರಿದು ಮೀಟರಿನ ಮೇಲೆ ಅಂಟಿಸಿಬಿಟ್ಟರು.

"ಮುಳ್ಳು ನೋಡಬ್ಯಾಡೋ ಮಾರಾಯಾ. ನೆಲಾ ನೋಡು, ಗಾಳಿ ಸಪ್ಪಳ ಕೇಳು. ಸಪ್ಪಳ ಕಡಿಮಿ ಆದ್ರ ಮೂತಿ ಕೆಳಗ ಮಾಡು."

ನೆಲ ಹತ್ತಿರ ಬರುತ್ತಿದ್ದಂತೆ ನನ್ನ ಕೈ ತಡೆಯಲಿಲ್ಲ, ಪತ್ರಿಕೆ ಕಿತ್ತೆ. ಅಷ್ಟರಲ್ಲಿ ವಿಮಾನ ನೆಲಕ್ಕೆ ಬಡಿದು ಪುಟಿಯಿತು, ಮತ್ತೆ ಬಡಿಯಿತು, ಮತ್ತೆ ಪುಟಿಯಿತು. ನಿಂತ ಮೇಲೆ ಸರ್ ಕಾಲಬುಡದಲ್ಲಿ ಬಿದ್ದಿದ್ದ ಕನ್ನಡಕ ಹುಡುಕಿ ಹಾಕಿಕೊಂಡರು.

"ಮೂರು ಸಲ ಇಳದಿ. ಮೂರೂ ಬರಕೋ. ಒಂದೂ ಛಲೋ ಇರಲಿಲ್ಲ."

೨. ಶೇಂಗಾ ಹೊಲ

ನಾವು ಇಳಿಯುವ ಮಣ್ಣಿನ ಪಟ್ಟಿ ಉಪ್ಪಿನಬೆಟಗೇರಿಯ ಆಚೆಗಿದೆ. ಒಮ್ಮೆ ಬೀಳುವ ಭಯಕ್ಕೆ ವೇಗ ಇಳಿಸದೇ ಬಂದವನು, ಪಟ್ಟಿ ಮುಗಿದರೂ ನಿಲ್ಲದೆ ಶೇಂಗಾ ಹೊಲಕ್ಕೆ ನುಗ್ಗಿದೆ. ಹೊಲದವರು ಕಳೆ ತೆಗೆಯುವುದು ಬಿಟ್ಟು ಬಂದು ಕಿಟಕಿಯಲ್ಲಿ ಬಗ್ಗಿದರು.

"ಇಳ್ಯಾಕ ಬರಂಗಿಲ್ಲಂದ ಮ್ಯಾಲ ಯಾಕ ಏರ್ತೀರಿ ಸಾವ್ಕಾರ್ರ?"

ಪಕ್ಕದ ಸೀಟಿನಿಂದ ಸರ್ ಅಂದರು: "ಎರಡು ವರ್ಷದಿಂದ ನಾನೂ ಅದನ್ನ ಕೇಳ್ಲಿಕ್ಕೆ ಹತ್ತೀನ್ರಿ."

೩. ಡಾಕ್ಟರ ಗಡುವು

ಆ ಮಳೆಗಾಲದಲ್ಲಿ ಸರ್‌ಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ದೀಪಾವಳಿ ದಾಟುವುದು ಕಷ್ಟ ಎಂದರು ಡಾಕ್ಟರು. ಸುದ್ದಿ ಕೇಳಿ ಅವರ ಮನೆಗೆ ಹೋದೆ. ಸಮಾಧಾನ ಹೇಳಬೇಕಾದವನು ನಾನೇ ಅಳುತ್ತ ಕೂತೆ. ಸರ್ ನನ್ನ ಬೆನ್ನು ತಟ್ಟಿದರು.

"ನೀ ಒಬ್ಬನೇ ನೆಟ್ಟಗ ಇಳಸೂದು ನೋಡೇ ಹೋಗ್ತೀನಿ ಅಂತ ಮಾಡೀನಿ. ಹಂಗಾಗಿ ಡಾಕ್ಟರ್ ಮಾತು ಸುಳ್ಳಾಗ್ತದ. ನೀ ಕಲಿಯೂ ಲೆಕ್ಕದಾಗ ನಾ ಇನ್ನೂ ಹತ್ತು ವರ್ಷ ಬದುಕಬೇಕು."

೪. ಖಂಡೇಪೂಜೆ

ಮಹಾನವಮಿಯ ದಿನ ಸರ್ ಪಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಶಾಲು ಹೊದ್ದು ಕೂತರು. ಅವರ ಹೆಂಡತಿ, ನನಗೆ ಕಾಕು, ವಿಮಾನಕ್ಕೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಮಾಡಿದರು. ನಾನೊಬ್ಬನೇ ಏರಿದೆ. ಸರ್ ಕೂತಿದ್ದ ಕುರ್ಚಿಯತ್ತಲೇ ನೋಡುತ್ತಿದ್ದವನು, ಚಕ್ರ ನೆಲ ಬಿಟ್ಟ ಮೇಲೆ ಮೀಟರಿನತ್ತ ತಿರುಗಿದರೆ ಮುಳ್ಳು ಸೊನ್ನೆಯಲ್ಲಿ ನಿಂತಿತ್ತು. ತಟ್ಟಿದೆ, ಬೈದೆ, ದೇವರನ್ನು ಕರೆದೆ. ಅದು ಅಲ್ಲಾಡಲಿಲ್ಲ.

ಬೇರೆ ದಾರಿಯಿಲ್ಲದೆ ನೆಲ ನೋಡಿದೆ. ಗಾಳಿಯ ಸಪ್ಪಳ ಕೇಳಿದೆ. ಸಪ್ಪಳ ಕಡಿಮೆಯಾದಾಗ ಮೂತಿ ಇಳಿಸಿದೆ, ನೆಲ ಬಂದಾಗ ಮೆಲ್ಲಗೆ ಎತ್ತಿದೆ. ಚಕ್ರ ಮುಟ್ಟಿದ್ದೇ ಗೊತ್ತಾಗಲಿಲ್ಲ.

"ಸ್ಪೀಡ್ ಎಷ್ಟಿತ್ತೋ?" ಎಂದರು ಸರ್. ಅವರ ಕಣ್ಣು ಒದ್ದೆಯಾಗಿತ್ತು.

"ಸೊನ್ನಿ ಇತ್ರಿ ಸರ್."

ರೆಕ್ಕೆಯ ಕೆಳಗೆ ಬೆರಳು ಗಾತ್ರದ ನಳಿಕೆಯೊಂದು ಮುಂದಕ್ಕೆ ಚಾಚಿರುತ್ತದೆ. ಅದರೊಳಗೆ ಗಾಳಿ ನುಗ್ಗಿದರೆ ಮಾತ್ರ ಮುಳ್ಳು ಏಳುವುದು. ಬಗ್ಗಿ ನೋಡಿದರೆ ಅದರ ತುಂಬ ಕಲಸಿದ ಕುಂಕುಮ ಗಟ್ಟಿಯಾಗಿತ್ತು.

"ಎಲ್ಲಾ ಕಡೆ ಹಚ್ಚಿದ್ದೆ," ಎಂದರು ಕಾಕು. "ಅದೊಂದು ಬೋಳ ಕಾಣಸ್ತಿತ್ತು."

ಸರ್ ಕೆಮ್ಮು ಬರುವಷ್ಟು ನಕ್ಕರು. "ನೆನಪಿಟ್ಕೋ. ನಾಳೆ ನನ್ನ ಮುಳ್ಳೂ ಸೊನ್ನಿಗೆ ಬರ್ತದ. ಆವಾಗ ಗಡಬಡಿಸಿ ಹೆಣಾ ಎತ್ತಬ್ಯಾಡ. ಇಕಿ ಎಲ್ಲೆರೆ ಕುಂಕುಮ ತುಂಬ್ಯಾಳೇನು, ಮೊದಲ ನೋಡು."

೫. ಸೊನ್ನೆ

ಡಾಕ್ಟರ ಮಾತು ಸುಳ್ಳಾಗಲಿಲ್ಲ. ದೀಪಾವಳಿಗೆ ನಾಲ್ಕು ದಿನ ಇರುವಾಗ, ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಯಂತ್ರ ಸೊನ್ನೆ ತೋರಿಸಿತು. ನರ್ಸ್ ಇಲ್ಲವೆಂದು ತಲೆಯಾಡಿಸಿದರು. ಮೊದಲು ನೋಡು ಎಂದು ಸರ್ ಹೇಳಿದ್ದರಲ್ಲ. ನಾನು ಬಗ್ಗಿ, ಸರ್ ಬೆರಳಿಗೆ ಹಾಕಿದ್ದ ಯಂತ್ರದ ಕ್ಲಿಪ್ಪು ತೆಗೆದು, ಒಳಗೆ ಹೊರಗೆ ತಿರುಗಿಸಿ ನೋಡಿದೆ. ನರ್ಸ್ ಗಾಬರಿಯಿಂದ ನನ್ನನ್ನೇ ನೋಡಿದರು.

ಕಾಕು ನನ್ನ ತೋಳು ಹಿಡಿದುಕೊಂಡರು.

"ಖರೇನ, ಈ ಸಲ ನಾ ಏನೂ ಹಚ್ಚಿಲ್ಲೋ," ಎಂದರು.