ಕೈ ತೊಳೆಯಲು ಹೋದ ವರ

ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ನೋಡಿದೊಡನೆ ಜನರಿಗೆ ತಿಳಿಯಬೇಕು. ನನಗೆ ಸಂಬಳ ಕೊಡುವುದೇ ಅದಕ್ಕೆ. ಮಿಕ್ಸಿ, ಗೀಸರ್ ಮುಂತಾದ ಮನೆಬಳಕೆಯ ವಸ್ತುಗಳನ್ನು ವಿನ್ಯಾಸ ಮಾಡುವವನು ನಾನು. ಹಾಗಿದ್ದೂ ಬೇರೆಯವರ ಬಚ್ಚಲಿಗೆ ಕಾಲಿಡುವಾಗ ನಾನು ಪರೀಕ್ಷೆಗೆ ಹೊರಟವನಂತೆ ಹೆದರುತ್ತೇನೆ.

ವಿಜಯನಗರದಿಂದ ಅಮ್ಮನ ಜೊತೆ ಶ್ರೀಗಂಧದ ಕಾವಲಿಗೆ ಹೆಣ್ಣು ನೋಡಲು ಹೋಗಿದ್ದೆ. ಆಗಷ್ಟೇ ಗೃಹಪ್ರವೇಶವಾದ ಮನೆ. ಹುಡುಗಿಯ ಹೆಸರು ಶೈಲಾ. ಅವಳು ನಗುತ್ತಾ ಮಾತಾಡುವ ರೀತಿಗೆ ನಾನು ಕೇಸರಿಬಾತು ಮುಗಿಯುವುದರೊಳಗೇ ಮನಸೋತಿದ್ದೆ. ಅಂಟಿದ ಕೈ ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಹಿಡಿಯೇ ಇಲ್ಲದ ನಲ್ಲಿ; ಗೋಡೆಯ ಮೇಲೆ ಥಳಥಳಿಸುವ ಎರಡು ಬಿಲ್ಲೆಗಳು. ನಲ್ಲಿಯ ಕೆಳಗೆ ಕೈ ಒಡ್ಡಿದೆ, ಬೀಸಿದೆ, ಕೊನೆಗೆ ಮುಗಿದೆ. ಹನಿ ನೀರಿಲ್ಲ. ಒಂದು ಬಿಲ್ಲೆ ಒತ್ತಿದೆ. ನೀರು ಸೂರಿನಿಂದ ನೆತ್ತಿಯ ಮೇಲೆ ಸುರಿಯಿತು. ಅದನ್ನು ನಿಲ್ಲಿಸಲು ಇನ್ನೊಂದನ್ನು ಒತ್ತಿದೆ. ಗೋಡೆಯಿಂದಲೂ ಚಿಮ್ಮಿತು.

ಹೊರಗಿನಿಂದ ಹುಡುಗಿಯ ತಂದೆ ಕೇಳಿದರು: “ಏನ್ರೀ, ಸ್ನಾನ ಮಾಡ್ತಾ ಇದೀರಾ?”

“ಇಲ್ಲ ಸಾರ್, ಕೈ ತೊಳ್ಕೊತಾ ಇದೀನಿ.”

ಶೈಲಾಗೆ ಅರ್ಥವಾಗಿರಬೇಕು. “ಒತ್ತಬೇಡಿ, ತಿರುಗಿಸಿ!” ಎಂದು ಕೂಗಿದಳು.

“ಯಾವ್ದನ್ನ?”

“ಕೈಗೆ ಸಿಕ್ಕಿದ್ದನ್ನೆಲ್ಲ!”

ಎಲ್ಲವನ್ನೂ ತಿರುಗಿಸಿದ ಮೇಲೆ ನೀರು ನಿಂತಿತು. ತೊಟ್ಟಿಕ್ಕುತ್ತಾ ಹೊರಬಂದ ನನ್ನನ್ನು ಕಂಡು ಅಮ್ಮ ಹಣೆ ಚಚ್ಚಿಕೊಂಡರು. ಈ ಸಂಬಂಧ ಮುರಿಯಿತೆಂದೇ ತಿಳಿದೆ. ಶೈಲಾಳ ತಂದೆ ತಮ್ಮ ಪಂಚೆ, ಜುಬ್ಬಾ ತಂದುಕೊಟ್ಟರು. ನಾನು ಅವನ್ನು ತೊಟ್ಟು ಕುಳಿತಿದ್ದಾಗಲೇ ಶೈಲಾಳ ಅಜ್ಜಿ ದೇವಸ್ಥಾನದಿಂದ ಬಂದರು. ನಡೆದದ್ದೊಂದೂ ಅವರಿಗೆ ಗೊತ್ತಿಲ್ಲ.

“ತಲೆಗೆ ನೀರು ಹಾಕ್ಕೊಂಡು, ಪಂಚೆ ಉಟ್ಕೊಂಡು ಬಂದಿದಾನೆ ನೋಡ್ರೋ! ಈ ಕಾಲದಲ್ಲಿ ಇಂಥ ಹುಡುಗ್ರು ಎಲ್ಲಿ ಸಿಗ್ತಾರೆ? ಇವನೇ ಆಗ್ಲಿ.”

ನಿಜ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಶೈಲಾ ಸೆರಗನ್ನು ಬಾಯಿಗೊತ್ತಿ ನಗುತ್ತಾ “ಹೂಂ ಅಜ್ಜಿ” ಎಂದಳು. ಮದುವೆಯಾಯಿತು.

ಅಜ್ಜಿಯ ಸಂತೋಷಕ್ಕಾಗಿ ಈಗ ಹಬ್ಬಹಬ್ಬಕ್ಕೂ ನನಗೆ ಪಂಚೆ. ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಅದು ಯಾವ ಆಧಾರದಲ್ಲಿ ನಿಲ್ಲುತ್ತದೆಂದು ನನ್ನ ವಿದ್ಯೆಗೆ ಇನ್ನೂ ಹೊಳೆದಿಲ್ಲ. ನೆಂಟರೆದುರು ಎರಡೂ ಕೈಗಳಲ್ಲಿ ಹೊಟ್ಟೆಯ ಬಳಿ ಅದನ್ನು ಭದ್ರವಾಗಿ ಹಿಡಿದು, ಬಗ್ಗಿ ನಿಂತಿರುತ್ತೇನೆ. ಅಜ್ಜಿ ಎಲ್ಲರಿಗೂ ತೋರಿಸುತ್ತಾರೆ: “ನೋಡಿ, ನಮ್ಮ ಹುಡುಗನಿಗೆ ಎಷ್ಟು ವಿನಯ!”