ಮಾವನವರ ಸೀರೆಗೆ ನಾನು ಆರಿಸಿದ ಭಾಷೆ

ದೊಡ್ಡಬಳ್ಳಾಪುರದಲ್ಲಿ ನಮ್ಮ ಮಾವನವರಿಗೆ ಎಂಟು ಮಗ್ಗಗಳಿದ್ದವು. ಬೆಂಗಳೂರಿನ ಸೀರೆ ವ್ಯಾಪಾರಿ ರಾಮಚಂದ್ರಯ್ಯನವರು, "ಇಂಟರ್ನೆಟ್ಟಲ್ಲಿ ನಿಮ್ಮ ಸೀರೆ ಹಾಕಿ, ಹೊರದೇಶದೋರಿಗೆ ತೋರಿಸ್ತೀನಿ" ಎಂದಾಗ ಮಾವ ನನ್ನ ಮುಖ ನೋಡಿದರು. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಆಗಷ್ಟೇ ಹತ್ತು ದಿನದ ಕಂಪ್ಯೂಟರ್ ತರಬೇತಿ ಮುಗಿಸಿದ್ದೆ. ಹತ್ತು ದಿನ! ಜಗತ್ತು ಗೆಲ್ಲಲು ಇನ್ನೆಷ್ಟು ಬೇಕು?

"ಯಾವ ಭಾಷೇಲಿ ಬರೀತೀರಾ ಅಳಿಯಂದ್ರೇ?" ಮಾವ ಕೇಳಿದರು.

ಗಂಟಲು ಸರಿಮಾಡಿಕೊಂಡೆ. "ನೋಡಿ ಮಾವ, ಕಂಪ್ಯೂಟರಿಗೆ ಅದರದ್ದೇ ಭಾಷೆಗಳಿವೆ. ಎಚ್‌ಟಿಎಂಎಲ್ ಅಂದ್ರೆ ಬರೀ ಬೋರ್ಡು. ತೋರಿಸುತ್ತೆ, ಮಾತಾಡಲ್ಲ. ಪರ್ಲ್ ಒಳಗೆ ಕೂತು ದುಡಿಯುತ್ತೆ, ಆದ್ರೆ ಬರೆದೋನಿಗೇ ಮಾರನೇ ದಿನ ಅರ್ಥ ಆಗಲ್ಲ. ಜಾವಾ ಬಲವಾದದ್ದು, ಆದ್ರೆ ಅದು ತೆರ್ಕೊಳ್ಳೋದ್ರೊಳಗೆ ಗಿರಾಕಿ ಊಟ ಮುಗಿಸ್ಕೊಂಡು ಬರಬಹುದು. ಭವಿಷ್ಯ ಇರೋದು ಜಾವಾಸ್ಕ್ರಿಪ್ಟಿಗೆ! ಬಾಗಿಲಲ್ಲೇ ನಿಂತು ಬಂದೋರನ್ನ ಮಾತಾಡಿಸುತ್ತೆ."

"ಇದನ್ನೆಲ್ಲ ಯಾವಾಗ ಕಲಿತ್ರೀ?" ಎಂದಳು ಹೆಂಡತಿ ಗಿರಿಜಾ.

ಕೆಲವು ಪ್ರಶ್ನೆಗಳಿಗೆ ವಿದ್ವಾಂಸರು ಉತ್ತರಿಸುವುದಿಲ್ಲ.

ಭಾನುವಾರ ರಾಮಚಂದ್ರಯ್ಯನವರು ಬಂದರು. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಎಲ್ಲರೂ ಕೂತೆವು. ನಾನು ಬರೆದ ಪುಟ ತೆರೆದೆ. "ಸ್ವಾಗತ! ನಿಮ್ಮ ಹೆಸರೇನು?" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಪುಟ್ಟ ಚೌಕವೊಂದು ಮೂಡಿತು. ಮಾವನ ಮುಖ ಅರಳಿತು. ಓಕೆ ಒತ್ತಿದೆ. ಮತ್ತೆ ಸ್ವಾಗತ! ಮತ್ತೆ ಒತ್ತಿದೆ. ಮತ್ತೂ ಸ್ವಾಗತ!

ಆಗ ಹೊಳೆಯಿತು. ಹೆಸರು ಹೇಳುವವರೆಗೂ ಕೇಳುತ್ತಲೇ ಇರು ಎಂದು ಬರೆದಿದ್ದೆ. ಹೆಸರು ಬರೆಯಲು ಜಾಗವನ್ನೇ ಇಟ್ಟಿರಲಿಲ್ಲ!

"ಸ್ವಾಗತ ಸಾಕು ಅಳಿಯಂದ್ರೇ, ಒಳಗೆ ಬಿಡಿ!" ಎಂದರು ಮಾವ.

ವ್ಯಾಪಾರಿಗಳು ಪಾಪ, ಪರದೆಯ ಹತ್ತಿರ ಬಗ್ಗಿ, "ರಾಮಚಂದ್ರಯ್ಯ" ಎಂದು ಗಟ್ಟಿಯಾಗಿ ಹೇಳಿಯೂ ನೋಡಿದರು. ಅದಕ್ಕೆ ಕಿವಿ ಇರಲಿಲ್ಲ.

ಹದಿನೇಳನೇ ಸ್ವಾಗತದ ಹೊತ್ತಿಗೆ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅಂಗಡಿಯವನು ಬಂದು ಸ್ವಿಚ್ಚೇ ಆರಿಸಿದ. ಪರದೆ ಕಪ್ಪಾಯಿತು. ಮಾವನ ಮುಖವೂ!

ರಾಮಚಂದ್ರಯ್ಯನವರು ಎದ್ದು ಗಡಿಯಾರ ನೋಡಿಕೊಂಡರು. ವ್ಯಾಪಾರ ಕೈತಪ್ಪಿತು ಎಂದುಕೊಂಡೆ. ಆಗ ಗಿರಿಜಾ ಎದ್ದಳು. "ಸಾರ್, ಮನೆ ಇಲ್ಲೇ ಹಿಂದಿನ ಬೀದೀಲಿ. ಬನ್ನಿ, ಸೀರೇನೇ ನೋಡಿ."

ಬಂದರು. ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಮೊದಲಿಗೆ ನಲವತ್ತು ಕಳಿಸಿ" ಎಂದರು. ಹೊರಡುವಾಗ ನನ್ನತ್ತ ಕೈತೋರಿಸಿ ಮಾವನನ್ನು, "ಇವರು ಕಂಪ್ಯೂಟರ್ ಇಂಜಿನಿಯರ್ರಾ?" ಎಂದು ಕೇಳಿದರು.

"ಅಯ್ಯೋ, ಇಲ್ಲ ಸಾರ್!" ಮಾವ ಗಾಬರಿಯಾದರು. "ನಮ್ಮ ಅಳಿಯಂದ್ರು. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಬರಲ್ಲ. ತುಂಬಾ ಒಳ್ಳೆಯೋರು."

ನನ್ನ ಬಗ್ಗೆ ಅಷ್ಟು ನಿಖರವಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ. ತೆಪ್ಪಗೆ ಕೂತು ಸೀರೆ ಮಡಚತೊಡಗಿದೆ. ಎರಡನೇ ಮಡಿಕೆಗೇ ಗಿರಿಜಾ ಕಿತ್ತುಕೊಂಡಳು.