ಜಗತ್ತು ಮುಗಿದ ಮೇಲಿನ ರೊಟ್ಟಿ

ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ: ಬಸವನ ಬಾಗೇವಾಡಿಯ ನಮ್ಮ ಅಡುಗೆಮನೆ. ಹಾಜರಿದ್ದವರು: ನಿವೃತ್ತ ಡ್ರಿಲ್ ಮಾಸ್ತರನಾದ ನಾನು, ಪತ್ನಿ ಶಾಂತವ್ವ, ಪಕ್ಕದ ಮನೆಯ ಮೆಹಬೂಬಿ. ನಡುವೆ ಒಂದು ಟ್ರಂಕು.

ಈ ಅನಾಹುತಕ್ಕೆ ಹೊಣೆ ನಾನಲ್ಲ. ಅಳಿಯ ಓದಲು ಕೊಟ್ಟ ಕಾದಂಬರಿ! ಅದರಲ್ಲಿ ಜಗತ್ತೇ ಮುಗಿದುಹೋಗಿದೆ. ಅಣ್ಣ-ತಂಗಿ ಇಬ್ಬರು ರೈಲು ಹಳಿಯ ಗುಂಟ ನಡೆಯುತ್ತಾರೆ, ನಡೆಯುತ್ತಾರೆ, ಬರೀ ಉಪವಾಸ. ನನಗೆ ಮೈಯೆಲ್ಲ ಉರಿಯಿತು. ಜಗತ್ತು ಮುಗಿಯಲಿ, ಬೇಡವೆನ್ನುವುದಿಲ್ಲ. ಮುಖ ತೊಳೆಯಲಿಕ್ಕೇನು ರೋಗ? ಇಷ್ಟು ದಪ್ಪ ಪುಸ್ತಕದಲ್ಲಿ ಒಬ್ಬನೂ ಹಾಸಿಗೆ ಮಡಚುವುದಿಲ್ಲ! ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ ಕಟ್ಟಿಕೊಳ್ಳದೆ ಹೊರಟವರು ಬದುಕುವುದು ಹೇಗೆ? ಥೂ ಎಂದು ಮುಚ್ಚಿಟ್ಟೆ. ಆದರೆ ಅಣ್ಣ ಕೊನೆಯ ಬಿಸ್ಕತ್ತನ್ನು ತಂಗಿಗೆ ಕೊಟ್ಟು, "ನನಗೆ ಹಸಿವಿಲ್ಲ" ಎಂದಿದ್ದ. ಮುಂದೇನಾಯಿತೋ ಎಂದು ಮತ್ತೆ ತೆರೆದೆ. ಕಣ್ಣು ಒದ್ದೆಯಾಯಿತು. ಅದಕ್ಕೂ ಸಿಟ್ಟು ಬಂತು.

ಅಂಥ ಗತಿ ನಮಗೆ ಬರಕೂಡದೆಂದು ಶನಿವಾರವೇ ತುರ್ತು ಕ್ರಮ ಕೈಗೊಂಡೆ. ಬುಟ್ಟಿಯಲ್ಲಿದ್ದ ಖಡಕ್ ರೊಟ್ಟಿಗಳನ್ನೆಲ್ಲ ಅರಿವೆಯ ಟ್ರಂಕಿಗೆ ವರ್ಗಾಯಿಸಿ, ಹುಳ ಹತ್ತದಂತೆ ನಡುನಡುವೆ ಬಟ್ಟೆಗಿಡುವ ಡಾಂಬರ ಗುಳಿಗೆ ಇಟ್ಟು, ಬೀಗ ಜಡಿದೆ. ಶಿಸ್ತೆಂದರೆ ಅದು!

ಆ ರೊಟ್ಟಿ ಸಿಂದಗಿಯಲ್ಲಿರುವ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಒಯ್ಯಬೇಕಾದ ತವರಿನ ಬುತ್ತಿಯಂತೆ. ಶಾಂತವ್ವ ನನಗೆ ಹೇಳಿಯೂ ಇದ್ದಳಂತೆ. ಆಗ ನಾನು ರೈಲು ಹಳಿಯ ಮೇಲಿದ್ದೆ.

ಶಾಂತವ್ವ ಒಂದು ರೊಟ್ಟಿ ಮೂಸಿದಳು. "ಇದು ಬುತ್ತಿನೋ, ಹಳೇ ಕಂಬಳಿನೋ?"

"ನಾಳೆ ಜಗತ್ತು ಮುಗದರ ಏನ್ ತಿಂತಿ?" ಎಂದೆ.

"ನಂದು ಇವತ್ತ ಸಂಜೀಕ ಮುಗೀತೈತ್ರಿ, ಬೀಗರ ಮುಂದ! ಬರಿಗೈಲೆ ಹೋದ್ರ ಮಗಳು ತಲಿ ಎತ್ತತಾಳೇನ್ರಿ?"

ಮೆಹಬೂಬಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಳಬ್ಯಾಡ ಅಕ್ಕಾ, ನಮ್ಮ ಒಲಿನೂ ಹಚ್ಚತೇನಿ. ಮಾಸ್ತರ, ಪುಸ್ತಕ ಇಡ್ರಿ, ಜರಡಿ ಹಿಡೀರಿ!"

ಜೀವನವಿಡೀ ಊರ ಮಕ್ಕಳಿಗೆ "ಸಾವಧಾನ್!" ಎಂದವನು ಜರಡಿ ಹಿಡಿದೆ. ಎರಡು ಮನೆಗಳಲ್ಲೂ ರೊಟ್ಟಿ ಬಡಿಯುವ ಪಟಪಟ ಶುರುವಾಯಿತು. ಬೆಂದ ರೊಟ್ಟಿಗಳನ್ನು ಒಲೆಯ ಸುತ್ತ ನಿಲ್ಲಿಸಿ ಖಡಕ್ ಮಾಡುವ ಹೊಣೆ ನನ್ನದು. ಎತ್ತರದ ಪ್ರಕಾರ ನಿಲ್ಲಿಸಿದೆ. ಸಾಲಿನ ಅಂದ ನೋಡುತ್ತ ನಿಂತೆ. ಮುಂದಿನ ಸಾಲು ಸುಟ್ಟಿತು!

ಮಧ್ಯಾಹ್ನ ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿಕೊಂಡು ಹೆಂಗಸರಿಬ್ಬರೂ ಸಿಂದಗಿ ಬಸ್ಸು ಹತ್ತಿದರು. ಕಿಟಕಿಯಿಂದ ಶಾಂತವ್ವ ಒಂದು ಪೊಟ್ಟಣ ಚಾಚಿದಳು. "ಸುಟ್ಟಾವು ನಿಮಗ. ಜಗತ್ತು ಮುಗದ ಮ್ಯಾಲ ತಿನ್ರಿ."

ಮುಂಜಾನೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಸ್ಸು ಊರು ದಾಟುವ ಮೊದಲೇ ನನ್ನ ದಾಸ್ತಾನು ಖಾಲಿಯಾಗಿತ್ತು.